ಯಲ್ಲಣ್ಣ ಆದಮೇಲೆ ನಾನು

"ಕಾಲು ಇಳಿಸಬೇಡಿ ಕೆಂಪಕ್ಕ! ದೀಪ ನೋಡ್ತಾ ಇರಿ, ದೀಪ!"

ಹುಳಿಮಾವಿನ ಹಳೆಯ ಊರಿನ ಭಜನೆ ಮಂದಿರದಲ್ಲಿ ವನಿತಾ ಸ್ಟಾಪ್‌ವಾಚು ಹಿಡಿದು ನಿಂತಿದ್ದಳು. ಎದುರಿಗೆ ಕೆಂಪಕ್ಕ ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಒಂದೇ ಕಾಲಿನ ಮೇಲೆ ನಿಂತು, ರಾಮದೇವರ ಪಟದ ಮುಂದಿನ ದೀಪವನ್ನು ದಿಟ್ಟಿಸುತ್ತಿದ್ದಳು. ಗೋಡೆಗೆ ಒರಗಿ ಕುಳಿತಿದ್ದ ಮುದುಕ ಮುದುಕಿಯರು ಅವಳಿಗಿಂತ ಹೆಚ್ಚಾಗಿ ಉಸಿರು ಬಿಗಿಹಿಡಿದಿದ್ದರು.

"ಶನಿ ಮಹಾರಾಜ್ರು ಇನ್ನೂ ಬರ್ಲಿಲ್ವಾ?" ಎಂದು ಯಾರೋ ಕೇಳಿದರು.

"ಅವನು ಬರೋದು ನಾನು ನಿಂತಾದ್ಮೇಲೇ. ಎಂದಾದ್ರೂ ಮೊದಲು ಬಂದವ್ನಾ?" ಎಂದ ಯಲ್ಲಯ್ಯ, ತನ್ನ ಸರದಿಗಾಗಿ ಪಂಚೆಯನ್ನು ಎತ್ತಿ ಕಟ್ಟುತ್ತ.

ಎಲ್ಲರೂ ನಕ್ಕರು. ಅವರು ಒಂಬತ್ತು ಜನ. ಊರಿನವರು ಅವರನ್ನು ನವಗ್ರಹಗಳೆಂದೇ ಕರೆಯುತ್ತಿದ್ದರು. ನಿಧಾನಕ್ಕೆ ಬರುವ ಚಿಕ್ಕಬೈರಪ್ಪನಿಗೆ ಶನಿಯ ಪಟ್ಟ ಸಿಕ್ಕಿತ್ತು. ಶ್ರೀನಗರದ ವನಿತಾ ಫಿಸಿಯೋಥೆರಪಿ ಓದಿ, ಈಗ ಡಾಕ್ಟರೇಟಿಗಾಗಿ ಸಂಶೋಧನೆ ಮಾಡುತ್ತಿದ್ದಳು. ದಿನವೂ ಸಂಜೆ ಕೋಲಾಟ ಆಡಿದರೆ ವಯಸ್ಸಾದವರ ಕಾಲಿಗೆ ಸ್ಥಿರತೆ ಬಂದು, ಬೀಳುವುದು ತಪ್ಪುತ್ತದೆಯೇ ಎಂಬುದು ಅವಳ ಪ್ರಶ್ನೆ. ಅದಕ್ಕಾಗಿ ತಿಂಗಳಿಗೊಮ್ಮೆ ಅದೇ ಒಂಬತ್ತು ಜನರನ್ನು ಒಂಟಿಕಾಲಿನಲ್ಲಿ ನಿಲ್ಲಿಸಿ, ಎಷ್ಟು ಹೊತ್ತು ನಿಲ್ಲುತ್ತಾರೆಂದು ಅಳೆಯುತ್ತಿದ್ದಳು. ಇಂದಿನದು ಕೊನೆಯ ಅಳತೆ.

ಬಾಗಿಲಲ್ಲಿ ನೆರಳು ಬಿತ್ತು. ಚಿಕ್ಕಬೈರಪ್ಪನ ತಮ್ಮ ದುಂಡಪ್ಪ ಬರಿಗಾಲಲ್ಲಿ ಓಡಿ ಬಂದಿದ್ದ.

"ಅಣ್ಣ ಹೋಗ್ಬಿಟ್ಟ ಕಣಮ್ಮ," ಎಂದ. "ಇಲ್ಲಿಗೆ ಬರಕ್ಕೇ ಅಂತ ಚಪ್ಪಲಿ ಹಾಕ್ಕೊಳಕ್ಕೆ ಜಗಲಿ ಮೇಲೆ ಕೂತ. ಕೂತೋನು ಕೂತಂಗೇ."

ಕೆಂಪಕ್ಕನ ಕಾಲು ನೆಲಕ್ಕೆ ಇಳಿಯಿತು. ವನಿತಾಳ ಹೆಬ್ಬೆರಳು, ಅವಳಿಗೇ ತಿಳಿಯದ ಹಾಗೆ, ಗಡಿಯಾರವನ್ನು ನಿಲ್ಲಿಸಿತು.

* * *

ಮಧ್ಯಾಹ್ನದ ಹೊತ್ತಿಗೆ ಚಿಕ್ಕಬೈರಪ್ಪನ ಮನೆಯ ಮುಂದೆ ಶಾಮಿಯಾನ ಹಾಕಿ ಆಗಿತ್ತು. ಹಿಂದೆ ರಾಗಿಯ ಹೊಲವಿದ್ದ ಜಾಗದಲ್ಲೇ ಆ ಮನೆ ಎದ್ದಿತ್ತು. ಕೆಳಗೆ ಗಂಡಹೆಂಡತಿ, ಮೇಲೆ ಬಾಡಿಗೆಯವರು. ಜಗಲಿಯ ಮೇಲೆ ಅವನನ್ನು ಮಲಗಿಸಿ, ಹಣೆಗೆ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿದ್ದರು. ತಮಟೆಯವರು ಬಂದು ಗೇಟಿನ ಹೊರಗೆ ಒಣಹುಲ್ಲು ಉರಿಸಿ ತಮಟೆ ಕಾಯಿಸುತ್ತಿದ್ದರು. ಬನಶಂಕರಿಯಿಂದ ಮಗಳು ಸೌಮ್ಯ ಬರಬೇಕಾಗಿತ್ತು. ಅವಳು ದಾರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದಾಳೆ, ಬರುವವರೆಗೂ ಕಾಯುವುದು ಎಂದು ಹಿರಿಯರು ತೀರ್ಮಾನಿಸಿದ್ದರು.

ಯಲ್ಲಯ್ಯ ಶವದ ಹತ್ತಿರ ಹೋಗಿ ಬಹಳ ಹೊತ್ತು ನೋಡಿದ. ಅವನು ಒಂದು ಕಾಲದಲ್ಲಿ ಊರಿನ ಕೆರೆಗೆ ನೀರುಗಂಟಿಯಾಗಿದ್ದವನು. ತೂಬು ಎತ್ತಿ, ಯಾರ ಹೊಲಕ್ಕೆ ಎಷ್ಟು ನೀರೆಂದು ಹಂಚುತ್ತಿದ್ದವನು. ವಯಸ್ಸಿನಲ್ಲಿ ಚಿಕ್ಕಬೈರಪ್ಪನಿಗಿಂತ ಹಿರಿಯ.

"ದಿನಾ ಹೇಳ್ತಿದ್ದ, ಯಲ್ಲಣ್ಣ ಆದ್ಮೇಲೆ ನಾನು, ಯಲ್ಲಣ್ಣ ಆದ್ಮೇಲೆ ನಾನು ಅಂತ," ಎಂದ ಅವನು ದುಂಡಪ್ಪನ ಕಡೆ ತಿರುಗಿ. "ಇದೊಂದಕ್ಕೆ ಮಾತ್ರ ನುಗ್ಗಿ ಮುಂದಕ್ಕೆ ಹೋದ ನೋಡು, ಬಡ್ಡಿಮಗ."

ಅಳುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಗೌರಮ್ಮನೂ ನಕ್ಕಳು. ಗಂಡನ ತಲೆಯ ಬಳಿ ಕುಳಿತು ಅವಳು ಬೆಳಗಿನಿಂದ ಅಳುತ್ತ ನಗುತ್ತ, ನಗುತ್ತ ಅಳುತ್ತ ಇದ್ದಳು. ಐವತ್ತು ವರ್ಷ ಒಬ್ಬ ತಮಾಷೆಗಾರನ ಜೊತೆ ಬಾಳಿದವಳಿಗೆ ಬೇರೆ ಥರ ದುಃಖಿಸಲು ಬರುತ್ತಿರಲಿಲ್ಲ.

ವನಿತಾ ಹೂವಿನ ಹಾರ ಇಟ್ಟು ಕೈಮುಗಿದು ಪಕ್ಕಕ್ಕೆ ನಿಂತಳು. ಗೌರಮ್ಮ ಅವಳ ಕೈಹಿಡಿದು ಕೂರಿಸಿಕೊಂಡಳು.

"ಮೇಡಂನೋರೇ, ಒಂದ್ ಮಾತು. ಇವತ್ತು ಕೊನೇದು ಅಂದಿದ್ರಿ. ಇವ್ರು ನಿಲ್ಲಲಿಲ್ಲ."

"ಅದರ ಯೋಚನೆ ಈಗ ಯಾಕಮ್ಮ?"

"ಅಲ್ಲ, ನಿಮ್ಮ ಪಟ್ಟಿಯಿಂದ ಇವ್ರನ್ನ ಹೊಡೆದು ಹಾಕ್ಬಿಡ್ತೀರಾ? ಪರೀಕ್ಷೆ ಪೂರ್ತಿ ಬರೀಲಿಲ್ಲ ಅಂತ?" ಗೌರಮ್ಮನ ದನಿ ತಗ್ಗಿತು. "ಇಸ್ಕೂಲಿಗೆ ಹೋದೋರಲ್ಲ ಇವ್ರು. ನಿಮ್ಮ ಹತ್ರ ಬಂದ್ಮೇಲೆ, ನಾನು ನಾಲ್ಕನೇ ನಂಬರ್, ಗೌರೀ, ನಾಲ್ಕನೇ ನಂಬರ್ ಅಂತ ಮನೆ ತುಂಬಾ ಹೇಳ್ಕೊಂಡು ಓಡಾಡೋರು. ನಾಲ್ಕು ತೆಗೆದ್ಬಿಟ್ರೆ ಮೂರಾದ್ಮೇಲೆ ಐದು ಅಂತ ಎಣಿಸ್ತೀರಾ?"

ಅಷ್ಟರಲ್ಲಿ ವನಿತಾಳ ಫೋನು ನಡುಗಿತು. ಅವಳ ಮಾರ್ಗದರ್ಶಕಿ ಲತಾಮಣಿ ಮೇಡಂ. ಅವಳು ಎದ್ದು ಗೇಟಿನ ಬಳಿ ಹೋದಳು.

"ಕೇಳಿ ಬೇಜಾರಾಯ್ತು ವನಿತಾ, ಪಾಪ," ಎಂದರು ಲತಾಮಣಿ. "ನೋಡು, ಈ ಹೊತ್ತಲ್ಲಿ ಹೇಳಬಾರದು. ಆದ್ರೆ ಅವರು ಕೊನೆ ಅಳತೆಗೆ ಬರ್ಲಿಲ್ಲ ಅಂದ್ರೆ ನಾವು ಅವರನ್ನ ಬಿಡಬಹುದು. ಉಳಿದ ಎಂಟು ಜನ ಇನ್ನೊಂದು ದಿನ ಮುಗಿಸಿದ್ರೆ ಸಾಕು. ಹಳೇ ವಿಧಾನದಲ್ಲೇ ಮಾಡೋಣ, ಯಾರೂ ಪ್ರಶ್ನೆ ಮಾಡಲ್ಲ. ಅವರೊಬ್ಬರು ಇಲ್ಲದಿದ್ರೆ ನಿನ್ನ ಫಲಿತಾಂಶ ಗಟ್ಟಿಯಾಗಿ ನಿಲ್ಲುತ್ತೆ ಅಂತ ನಿನಗೂ ಗೊತ್ತು."

ವನಿತಾಳಿಗೆ ಗೊತ್ತಿತ್ತು.

* * *

ಅದಕ್ಕೆ ಕೆಲವು ವಾರಗಳ ಹಿಂದೆ ಅವಳು ಜಯನಗರದ ಒಂದು ಹೋಟೆಲಿನಲ್ಲಿ ನರೇಂದ್ರರ ಎದುರು ಕುಳಿತಿದ್ದಳು. ನರೇಂದ್ರರು ಸಂಖ್ಯಾಶಾಸ್ತ್ರದ ಮೇಷ್ಟರು; ಕಾಫಿ ಕುಡಿಯುತ್ತಲೇ ಪಾಠ ಹೇಳುವವರು. ವನಿತಾ ಲ್ಯಾಪ್‌ಟಾಪ್ ತೆರೆದು, ಸಂತೋಷದಿಂದ ತನ್ನ ಲೆಕ್ಕವನ್ನು ತೋರಿಸಿದಳು. ಎಲ್ಲ ತಿಂಗಳ ಎಲ್ಲ ಅಳತೆಗಳನ್ನೂ ಒಂದೇ ರಾಶಿ ಮಾಡಿ ಪರೀಕ್ಷಿಸಿದ್ದಳು. ಕೋಲಾಟ ಗೆದ್ದಿತ್ತು.

ನರೇಂದ್ರರು ನಕ್ಕುಬಿಟ್ಟರು.

"ಈ ಹೋಟ್ಲಿಗೆ ನಾನು ದಿನಾ ಬರ್ತೀನಿ. ತಿಂಗಳಾದ್ಮೇಲೆ ಯಜಮಾನರು, ನಮಗೆ ಮೂವತ್ತು ಜನ ಹೊಸ ಗಿರಾಕಿ ಬಂದ್ರು ಅಂತ ಹೇಳಿಕೊಂಡ್ರೆ?"

"ಒಬ್ಬರೇ ಅಲ್ವಾ ಸಾರ್, ಮೂವತ್ತು ಸಲ ಬಂದಿರೋದು."

"ಮತ್ತೆ ನೀನು ಮಾಡಿರೋದು ಅದೇ. ನಿನ್ನ ಹತ್ರ ಇರೋದು ಒಂಬತ್ತು ಜನ. ಒಬ್ಬರನ್ನೇ ಮತ್ತೆ ಮತ್ತೆ ಅಳೆದ ಮಾತ್ರಕ್ಕೆ ಊರು ತುಂಬಲ್ಲ."

ಆಮೇಲೆ ಅವರು ಬೇರೆ ದಾರಿ ಹೇಳಿಕೊಟ್ಟರು. ಅದರ ಹೆಸರು ಮಿಕ್ಸೆಡ್ ಮಾಡೆಲ್. ಒಬ್ಬೊಬ್ಬರೂ ಹೊರಡುವ ಜಾಗ ಬೇರೆ, ಏರುವ ಬಗೆ ಬೇರೆ ಎಂದು ಮೊದಲು ಒಪ್ಪಿಕೊಳ್ಳುವುದು. ಒಬ್ಬೊಬ್ಬರಿಗೂ ಅವರದೇ ಒಂದು ಗೆರೆ ಎಳೆಯುವುದು. ಅನಂತರ ಎಲ್ಲ ಗೆರೆಗಳಲ್ಲೂ ಸಮಾನವಾದ ಏರಿಕೆ ಇದೆಯೇ ಎಂದು ಕೇಳುವುದು.

"ಕೇಳೋವಾಗ ಇನ್ನೊಂದು ಹುಷಾರು ಬೇಕು," ಎಂದರು ನರೇಂದ್ರರು. "ಮಾಮೂಲಿ ಪರೀಕ್ಷೆ ಮಾಡಿರೋದು ಸಂತೆ ತುಂಬ ಜನ ಇದ್ದಾಗ ಅಂತ. ಒಂಬತ್ತು ಜನಕ್ಕೆ ಅದನ್ನೇ ಹಾಕಿದ್ರೆ ಅದು ಬಲು ಬೇಗ ಖುಷಿಪಡುತ್ತೆ. ಇಲ್ಲದ್ದನ್ನೂ ಇದೆ ಅನ್ನುತ್ತೆ. ಜನ ಕಡಿಮೆ ಇದ್ರೆ ಜರಡಿ ಕಣ್ಣು ಸಣ್ಣದಿರಬೇಕಮ್ಮ."

ಸಣ್ಣ ಕಣ್ಣಿನ ಜರಡಿಯನ್ನು ವನಿತಾಳ ಫಲಿತಾಂಶ ಸ್ವಲ್ಪದರಲ್ಲೇ ದಾಟದೆ ಹೋಯಿತು. ನರೇಂದ್ರರು ಪರದೆಯ ಮೇಲೆ ಬೆರಳಿಟ್ಟರು.

"ಈ ನಾಲ್ಕನೆಯವರು ಯಾರು? ಮೊದಲ ತಿಂಗಳು ಗರುಡಗಂಬದ ಹಾಗೆ ನಿಂತವರು, ಆಮೇಲೆ ತಟ್ಟನೆ ಕುಸಿದಿದ್ದಾರೆ. ಇವರೊಬ್ಬರಿಂದ ನಿನ್ನದು ನಿಲ್ತಾ ಇಲ್ಲ."

"ತೆಗೆದುಬಿಡಲಾ ಸಾರ್?"

"ಇಷ್ಟ ಇಲ್ಲ ಅಂತ ನೆಂಟರನ್ನ ಮದುವೆ ಮನೆಯಿಂದ ಎಬ್ಬಿಸ್ತೀಯಾ? ಹಳೇ ವಿಧಾನದಲ್ಲಿ ಒಂದು ಸಲ ತಪ್ಪಿಸಿಕೊಂಡವರನ್ನ ಪೂರ್ತಿ ಹೊರಗೆ ಹಾಕ್ತಿದ್ರು. ಇದರಲ್ಲಿ ಹಾಗಿಲ್ಲ. ಮಧ್ಯದಲ್ಲಿ ಎದ್ದು ಹೋದ್ರೂ, ಅಲ್ಲೀವರೆಗೂ ಅವರು ಕೊಟ್ಟದ್ದು ಉಳಿಯುತ್ತೆ. ಯಾಕೆ ಕುಸಿದ್ರು ಅಂತ ಮೊದಲು ಹೋಗಿ ಕೇಳು."

ಅವಳು ಕೇಳಿದ್ದಳು. "ಹಾಳಾದ್ ಕಾಲು ಮೇಡಂ, ಹೇಳಿದ್ ಮಾತು ಕೇಳಲ್ಲ," ಎಂದು ಚಿಕ್ಕಬೈರಪ್ಪ ತನ್ನ ಮೊಣಕಾಲಿಗೆ ಎರಡು ಏಟು ಹೊಡೆದು, ಎಲ್ಲರನ್ನೂ ನಗಿಸಿ ಹೋಗಿದ್ದ.

* * *

ಫೋನು ಇಟ್ಟು ವನಿತಾ ಶಾಮಿಯಾನದ ಕೆಳಗೆ ಹಿಂದಿರುಗಿದಾಗ ಮಾತು ಚಿಕ್ಕಬೈರಪ್ಪನ ಕಾಲಿಗೇ ಬಂದಿತ್ತು.

"ಕೋಲಾಟದಲ್ಲಿ ಅಷ್ಟು ಚೆನ್ನಾಗಿ ಕುಣಿಯೋನು, ಒಂಟಿಕಾಲು ಅಂದ್ರೆ ಮಾತ್ರ ದಪ್ ಅಂತ ಇಳಿಸ್ಬಿಡೋನು," ಎಂದಳು ಕೆಂಪಕ್ಕ. "ನಮ್ಮೆಲ್ಲರಿಗಿಂತ ಕಡಿಮೆ ಅವನದೇ."

ಗೌರಮ್ಮ ತಲೆಯೆತ್ತಿದಳು. "ಯಾರದು ಕಡಿಮೆ?"

"ನಿನ್ ಗಂಡಂದೇ ಕಣೇ. ಮೊದಲ ತಿಂಗಳು ಬಿಟ್ರೆ ಪ್ರತೀ ತಿಂಗಳೂ ಅವನೇ ಕೊನೆ."

"ಏ ಹೋಗೇ! ಇವ್ರಾ?" ಗೌರಮ್ಮ ಗಂಡನ ಮುಖವನ್ನೊಮ್ಮೆ ನೋಡಿ, ಕೆಂಪಕ್ಕನ ಮುಖ ನೋಡಿದಳು. "ದಿನಾ ಬೆಳಿಗ್ಗೆ ಹುಟ್ಟೋ ಸೂರಪ್ಪಂಗೆ ಕೈಮುಗಿಯೋವಾಗ ಮನೆ ಹಿಂದೆ ಒಂಟಿಕಾಲಲ್ಲೇ ನಿಲ್ಲೋರು, ಕೊಕ್ಕರೆ ನಿಂತಂಗೆ. ಮಂತ್ರ ಪೂರ್ತಿ ಮುಗಿಯೋವರ್ಗೂ. ಒಳಗೆ ಉಪ್ಪಿಟ್ಟು ಆರೋಗ್ತದೆ ಬನ್ರೀ ಅಂದ್ರೂ ಇಳಿಸ್ತಿರ್ಲಿಲ್ಲ. ಇವತ್ತು ಬೆಳಿಗ್ಗೇನೂ ನಿಂತವ್ರೆ!"

ಗೇಟಿನ ಹೊರಗೆ ಹದಕ್ಕೆ ಬಂದ ತಮಟೆಯೊಂದನ್ನು ಯಾರೋ ಬೆರಳಿನಿಂದ ತಟ್ಟಿ ನೋಡಿದರು.

"ಮತ್ತೆ ಮಂದಿರದಲ್ಲಿ?" ಎಂದಳು ವನಿತಾ.

"ಅಯ್ಯೋ ಶಿವನೇ," ಎಂದು ಕೆಂಪಕ್ಕ ಹಣೆಗೆ ಕೈ ಹಚ್ಚಿದಳು. "ಮೇಡಂ, ಅವನು ತಡವಾಗಿ ಬರ್ತಿರ್ಲಿಲ್ಲ. ಬೇಗಾನೇ ಬಂದು ಆ ಎಳನೀರು ಗಾಡಿ ಹತ್ರ ನಿಂತು ಒಳಕ್ಕೆ ಇಣುಕ್ತಿದ್ದ. ನಾನೇ ಕಂಡಿದ್ದೀನಿ. ಯಾಕೋ ಅಂದ್ರೆ, ಯಲ್ಲಣ್ಣಂದು ಆಗ್ಲಿ ತಡಿ ಅನ್ನೋನು. ನಾನು ಎಳನೀರಿನ ಆಸೆ ಅಂದ್ಕೊಂಡೆ!"

ವನಿತಾಳ ಕಣ್ಣಿಗೆ ಪರದೆಯ ಮೇಲಿನ ಗೆರೆಗಳು ಕಟ್ಟಿದವು. ಯಲ್ಲಯ್ಯನದು ಎಲ್ಲರಿಗಿಂತ ಕೆಳಗೆ ಹೊರಟು, ತಿಂಗಳಿಂದ ತಿಂಗಳಿಗೆ ನಿಧಾನವಾಗಿ ಏರಿದ ಗೆರೆ. ಎರಡನೆಯ ತಿಂಗಳಿಂದ ಅದರ ಕೆಳಗೇ, ಕೂದಲೆಳೆಯಷ್ಟು ಅಂತರದಲ್ಲಿ, ನೆರಳಿನ ಹಾಗೆ ಜೊತೆ ನಡೆದ ನಾಲ್ಕನೆಯ ಗೆರೆ. ಎಲ್ಲರನ್ನೂ ಎಲ್ಲರ ಎದುರಿಗೇ ಅಳೆದಿದ್ದಳು ಅವಳು. ಹಿರಿಯನೊಬ್ಬ ಇಷ್ಟು ಹೊತ್ತು ನಿಂತ ಎಂದು ಕಣ್ಣಾರೆ ಕಂಡಮೇಲೆ, ಈ ಊರಿನ ಮನುಷ್ಯ ಅವನಿಗಿಂತ ಮುಂಚೆಯೇ ಕಾಲು ಇಳಿಸಬಹುದೆಂದು ಅವಳಿಗೆ ಹೊಳೆದಿರಲಿಲ್ಲ. ಯಾವ ಪುಸ್ತಕದಲ್ಲೂ ಅದನ್ನು ಬರೆದಿರಲಿಲ್ಲ.

ಎಲ್ಲರೂ ಯಲ್ಲಯ್ಯನ ಕಡೆ ನೋಡಿದರು. ಅವನು ನೆಲ ನೋಡುತ್ತಿದ್ದ.

* * *

ಮೊದಲ ತಿಂಗಳ ಅಳತೆಯ ಮಾರನೆಯ ಸಂಜೆ ಯಲ್ಲಯ್ಯ ಕೋಲಾಟಕ್ಕೆ ಹೋಗದೆ ಕೆರೆಯ ಏರಿಯ ಮೇಲೆ ಕುಳಿತಿದ್ದ. ಹಿಂದಿನ ವರ್ಷ ಬಚ್ಚಲಲ್ಲಿ ಬಿದ್ದಮೇಲೆ ಅವನ ಎಡಗಾಲಿನಲ್ಲಿ ಶಕ್ತಿ ಉಳಿದಿರಲಿಲ್ಲ. ಚಿಕ್ಕಬೈರಪ್ಪ ಹುಡುಕಿಕೊಂಡು ಬಂದು ಪಕ್ಕದಲ್ಲಿ ಕುಳಿತ.

"ನಾನು ಬರಲ್ಲ ಕಣೋ," ಎಂದ ಯಲ್ಲಯ್ಯ. "ಹೆಂಗಸ್ರೆಲ್ಲ ನಿಂತ್ಕೊಂಡವ್ರೆ, ನಾನು ಉಸ್ ಅನ್ನೋದ್ರೊಳಗೆ ಬಿದ್ದೆ. ಊರಿಗೆಲ್ಲ ನೀರು ಹಂಚಿದೋನು ಕೊನೇಲಿ ನಿಂತ್ಕೊಂಡು ನಗಿಸ್ಕೋಬೇಕಾ?"

"ಯಾರ್ ನಕ್ರು?"

"ನಗ್ಲಿಲ್ಲ. ಅದೇ ಇನ್ನೂ ಬೇಜಾರು."

ಚಿಕ್ಕಬೈರಪ್ಪ ಒಂದು ಹುಲ್ಲುಕಡ್ಡಿ ಕಿತ್ತು ಹಲ್ಲಿಗೆ ಕಚ್ಚಿಕೊಂಡ. ನೀರಿನ ಮೇಲೆ ಬಾತುಕೋಳಿಗಳು ಸಾಲಾಗಿ ಹೋಗುತ್ತಿದ್ದವು.

"ಬಂದ್ ನೋಡು ಒಂದ್ ತಿಂಗಳು," ಎಂದ. "ನೀನು ಕೊನೆ ಆಗಲ್ಲ. ಕೊನೆಗೆ ಬೇರೆ ಯಾರಾದ್ರೂ ಸಿಗ್ತಾರೆ."

* * *

"ಕಳ್ಳ," ಎಂದ ಯಲ್ಲಯ್ಯ ಮೆಲ್ಲಗೆ. ಮತ್ತೆ ದನಿಯೇರಿಸಿದ. "ಕಳ್ಳ ಬಡ್ಡಿಮಗನೇ! ಇವನಿಗಿಂತ ನಾನೇ ಮೇಲು ಅಂತ ನನ್ ಮೊಮ್ಮಕ್ಕಳಿಗೆಲ್ಲ ಹೇಳ್ಕೊಂಡಿದ್ದೀನಲ್ಲೋ! ಎಳನೀರು ಬೇರೆ ಕೊಡಿಸ್ದೆ ನಿಂಗೆ, ಸೋತಿದ್ದಕ್ಕೆ ಸಮಾಧಾನ ಮಾಡ್ಕೋ ಅಂತ!"

ದುಂಡಪ್ಪ ಮೊದಲು ನಕ್ಕ. ಆಮೇಲೆ ಕೆಂಪಕ್ಕ, ಆಮೇಲೆ ಗೌರಮ್ಮ, ಆಮೇಲೆ ಶಾಮಿಯಾನದ ಕೆಳಗಿದ್ದವರೆಲ್ಲ. ಬಾಡಿಗೆಯವರು ಮೇಲಿನಿಂದ ಇಣುಕಿ, ಸಾವಿನ ಮನೆಯಲ್ಲಿ ಇದೇನು ಎಂದು ನೋಡಿದರು. ಯಲ್ಲಯ್ಯ ನಗುತ್ತಿದ್ದನೋ ಅಳುತ್ತಿದ್ದನೋ ಹೇಳುವಂತಿರಲಿಲ್ಲ. ಟವೆಲಿನಿಂದ ಮುಖವನ್ನೆಲ್ಲ ಒರೆಸಿಕೊಂಡ.

"ಹಂಗಾದ್ರೆ ಮೇಡಂನೋರೇ," ಎಂದ ಅವನು ಕೊನೆಗೆ, "ಇವನು ನಿಂತಿದ್ದೆಲ್ಲ ಸುಳ್ಳಾಯ್ತು. ಇನ್ನೇನು, ತೆಗೆದೇ ಹಾಕ್ತೀರ."

ಗೌರಮ್ಮ ವನಿತಾಳ ಮುಖ ನೋಡಿದಳು. ನಗು ಅಲ್ಲೇ ನಿಂತಿತು.

ವನಿತಾ ಫೋನು ತೆಗೆದಳು. ಈ ಸಲ ದೂರ ಹೋಗಲಿಲ್ಲ.

"ಮೇಡಂ, ನಾಲ್ಕನೆಯವರನ್ನ ನಾನು ತೆಗೆಯಲ್ಲ."

"ವನಿತಾ, ಅವರಿದ್ರೆ ನಿಲ್ಲಲ್ಲ ಅಂತ..."

"ನಿಲ್ಲದಿದ್ರೆ ನಿಲ್ಲಲಿಲ್ಲ ಅಂತಾನೇ ಬರೀತೀನಿ. ಒಬ್ಬರು ಇನ್ನೊಬ್ಬರನ್ನ ನೋಡಿ ಕಾಲು ಇಳಿಸಿದ್ದಾರೆ ಮೇಡಂ. ಎಲ್ಲರ ಮುಂದೆ ಅಳೆದದ್ದು ನನ್ನ ತಪ್ಪು, ಅದನ್ನೂ ಬರೀತೀನಿ. ಅಳತೆ ತಪ್ಪಿರೋದು ಅವರೊಬ್ಬರದಲ್ಲ. ಅವರು ಹಾಗೆ ಮಾಡಿದ್ರಿಂದಾನೇ ಎಲ್ಲರಿಗಿಂತ ಹಿಂದಿದ್ದವರು ದಿನಾ ಬಂದು ಕುಣಿದ್ರು. ಆ ಏರಿಕೆ ಇಟ್ಕೊಂಡು ಇವರನ್ನ ಬಿಟ್ರೆ ಲೆಕ್ಕ ಹೇಗಾಗುತ್ತೆ?"

"ಇನ್ನೊಂದು ವರ್ಷ ಹಿಡಿಯುತ್ತಮ್ಮ," ಎಂದರು ಲತಾಮಣಿ. ದನಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು. "ಹೊಸಬರನ್ನ ಸೇರಿಸಿ ಮೊದಲಿಂದ ಮಾಡಬೇಕು. ಸ್ಕಾಲರ್‌ಶಿಪ್ ಅಷ್ಟು ದಿನ ಇರಲ್ಲ."

"ಗೊತ್ತು ಮೇಡಂ. ಸಂಜೆ ಹೊತ್ತು ಎಲ್ಲಾದ್ರೂ ಕ್ಲಿನಿಕ್ಕಲ್ಲಿ ಕೆಲಸ ಹಿಡೀತೀನಿ. ಕೋಲಾಟಾನ ಬೆಳಿಗ್ಗೆಗೆ ಹಾಕೋತೀನಿ."

"ಸರಿ," ಎಂದರು ಲತಾಮಣಿ. "ಈ ಸಲ ಪರದೆ ಕಟ್ಟಿ ಅಳತೆ ಮಾಡು."

ವನಿತಾ ಫೋನು ಇಟ್ಟಳು. ಒಂದು ವರ್ಷವೆಂದರೆ ಎಷ್ಟೆಂದು ಅವಳಿಗೆ ಗೊತ್ತಿತ್ತು. ಆದರೆ ಕೆಂಪಕ್ಕನ ಕಿವಿಗೆ ಬಿದ್ದದ್ದು ಬೇರೆ.

"ಇನ್ನೊಂದು ವರ್ಷಾನಾ? ಕೋಲಾಟ ನಿಲ್ಲಲ್ವಾ ಹಂಗಾದ್ರೆ?"

"ನಿಲ್ಲಲ್ಲ ಕೆಂಪಕ್ಕ. ಇನ್ನೂ ಜನ ಬೇಕು."

"ನಾನು ಬರ್ತೀನಿ," ಎಂದ ದುಂಡಪ್ಪ.

"ನೀನಾ? ನಿನ್ ಹೊಟ್ಟೆ ಹೊತ್ಕೊಂಡು ಒಂಟಿಕಾಲಲ್ಲಾ?" ಎಂದಳು ಕೆಂಪಕ್ಕ.

"ನಮ್ಮ ಓರಗಿತ್ತೀನೂ ಬರ್ತಾಳೆ," ಎಂದಳು ಗೌರಮ್ಮ, ಕಣ್ಣೊರೆಸಿಕೊಳ್ಳುತ್ತ. "ಹಾಲು ತುಪ್ಪ ಆಗ್ಲಿ, ಸೂತಕ ಕಳೀಲಿ, ನಾನೂ ಬರ್ತೀನಿ. ಆದ್ರೆ ನಾಲ್ಕು ಮಾತ್ರ ಯಾರಿಗೂ ಕೊಡ್ಬೇಡಿ."

"ಕೊಡಲ್ಲಮ್ಮ. ಇವತ್ತಿನ ಅಳತೆ ಬರೆಯೋ ಜಾಗ ಖಾಲಿ ಬಿಡ್ತೀನಿ. ಅವರು ನಿಂತದ್ದೆಲ್ಲ ಹಾಗೇ ಇರುತ್ತೆ."

ಗೌರಮ್ಮ ಗಂಡನ ಕಿವಿಯ ಹತ್ತಿರ ಬಾಗಿ, "ಕೇಳಿಸ್ತಾ?" ಎಂದಳು.

ಸೌಮ್ಯಳ ಆಟೋ ಬಂದು ನಿಂತದ್ದು ಆಗಲೇ. ಮಗಳು ತಂದೆಯ ಎದೆಯ ಮೇಲೆ ಬಿದ್ದು ಅತ್ತಳು. ಈ ಸಲ ಯಾರೂ ನಗಲಿಲ್ಲ. ಎಲ್ಲರೂ ಅವಳ ಜೊತೆ ಅತ್ತರು. ಅಳುವುದಕ್ಕೂ ಒಂದು ಹೊತ್ತಿದೆ, ಭಗವಂತ ಅದನ್ನೂ ಕೊಟ್ಟೇ ಕೊಡುತ್ತಾನೆ.

ಬಿಸಿಲು ಇಳಿಯುವ ಮೊದಲೇ ಚಟ್ಟ ಎತ್ತಿದರು. ತಮಟೆ ಶುರುವಾಯಿತು. ಮೊದಲು ಸಾವಿನ ಗತ್ತು. ಮೂಲೆ ತಿರುಗುವಾಗ ಕೆಂಪಕ್ಕ ತಮಟೆಯವನಿಗೆ ಏನೋ ಹೇಳಿದಳು. ಅವನು ತಲೆಯಾಡಿಸಿ ಕೋಲಾಟದ ಗತ್ತಿಗೆ ತಿರುಗಿದ. ಪುರಿ ಚೆಲ್ಲುತ್ತ ಹೋಗುತ್ತಿದ್ದವರ ಹೆಜ್ಜೆಗಳು ತಾವಾಗಿಯೇ ಅದಕ್ಕೆ ಹೊಂದಿಕೊಂಡವು. ಬನ್ನೇರುಘಟ್ಟ ರಸ್ತೆಯಲ್ಲಿ ಬಸ್ಸೊಂದು ನಿಂತು ದಾರಿ ಬಿಟ್ಟಿತು, ಕಿಟಕಿಯಲ್ಲಿದ್ದವರು ಕೈಮುಗಿದರು.

ಕೆರೆಯ ಆಚೆಗಿನ ರುದ್ರಭೂಮಿಯಲ್ಲಿ ಗುಂಡಿ ತಯಾರಿತ್ತು. ಬಗೆದ ಕೆಮ್ಮಣ್ಣು ಇನ್ನೂ ಹಸಿಯಾಗಿತ್ತು. ಅವನನ್ನು ಗುಂಡಿಯ ಅಂಚಿನಲ್ಲಿ ಇಳಿಸಿದರು. ಕಿರಿಯರು ಒಬ್ಬೊಬ್ಬರಾಗಿ ಬಂದು ಕಾಲಿಗೆ ನಮಸ್ಕಾರ ಮಾಡಿದರು. ಹಿರಿಯರು ನಿಂತಲ್ಲಿಂದಲೇ ಕೈಮುಗಿದರು, ಊರಿನ ಪದ್ಧತಿಯಂತೆ.

ಯಲ್ಲಯ್ಯ ಮುಂದೆ ಬಂದ. ಕೆಂಪಕ್ಕನ ಭುಜ ಹಿಡಿದು, ಮೊದಲು ಒಂದು ಮೊಣಕಾಲು, ಆಮೇಲೆ ಇನ್ನೊಂದು, ನೆಲಕ್ಕೆ ಊರಿದ.

"ಬ್ಯಾಡ ಯಲ್ಲಣ್ಣ," ಎಂದು ದುಂಡಪ್ಪ ಅವನ ತೋಳು ಹಿಡಿದ. "ನೀನು ದೊಡ್ಡೋನು. ದೊಡ್ಡೋರು ಚಿಕ್ಕೋರ ಕಾಲು ಮುಟ್ಟಬಾರ್ದು. ಅವನಿಗೇ ಒಳ್ಳೇದಾಗಲ್ಲ."

"ಸುಮ್ನಿರೋ," ಎಂದ ಯಲ್ಲಯ್ಯ. "ಯಾರು ದೊಡ್ಡೋರು ಅಂತ ನಿಂಗೇನು ಗೊತ್ತು?"

ದುಂಡಪ್ಪ ಕೈಬಿಟ್ಟ. ಯಲ್ಲಯ್ಯ ಬಿಳಿಯ ಬಟ್ಟೆಯನ್ನು ಸರಿಸಿ, ದಿನವೂ ಒಂಟಿಯಾಗಿ ನಿಂತು ಈಗ ತಣ್ಣಗಾಗಿದ್ದ ಆ ಬಲಗಾಲನ್ನು ಎರಡೂ ಕೈಗಳಲ್ಲಿ, ಹೆರಿಗೆಯ ಮನೆಯಲ್ಲಿ ಮಗುವನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡ. ಪಾದವನ್ನು ಕಣ್ಣಿಗೆ ಒತ್ತಿಕೊಂಡ. ತಮಟೆ ನಿಂತಿತು.

"ಭೈರವಸ್ವಾಮಿ," ಎಂದ ಅವನು, ಎದುರಿಗೆ ಇರುವವರೊಡನೆ ಮಾತಾಡುವ ಹಾಗೆ. "ಇವನು ನಿನ್ನ ಹತ್ರ ಬಂದವ್ನೆ. ಜಾಗ ಇದ್ರೂ ಕೂರೋನಲ್ಲ, ಬೇರೆಯವ್ರು ಕೂತ್ಕೊಳ್ಳಿ ಅಂತ ಹಿಂದೆ ಸರೀತಾನೆ. ನೀನೇ ಬಲವಂತ ಮಾಡಿ ಕೂರಿಸ್ಕೊ, ತಂದೆ. ಅವನ ಜೀವಕ್ಕೆ ತಂಪು ಕೊಡು."